ನನ್ನ ರಕ್ತದಿಂದ ಬೆಳೆದ ಕಣ್ಣಿನ ಕೋಶಗಳು

ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದ ಹಿಂಬದಿಗೆ ಅಂಟಿಕೊಂಡಿರುವ ವರ್ಣಕ ಕೋಶಗಳ ಪದರವನ್ನು, ನೋಡುತ್ತಿರುವ ಕಣ್ಣಿನಿಂದ ತೆಗೆದು ಪರೀಕ್ಷಿಸಲಾಗದು. ಹಾಗೆ ಮಾಡಿದರೆ ಉಳಿದ ದೃಷ್ಟಿಗೂ ಕುತ್ತು. ಆದ್ದರಿಂದ ವಿಶ್ವವಿದ್ಯಾಲಯದ ಸಂಶೋಧಕರು ನನ್ನಿಂದ ಕೇಳಿದ್ದು ತೋಳಿನ ಸ್ವಲ್ಪ ರಕ್ತವನ್ನು ಮಾತ್ರ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಕೋಶಗಳಲ್ಲಿ ಸಾಧಿಸಿ ತೋರಿಸಿದ ವಿಧಾನವನ್ನು ಅನುಸರಿಸಿ, ರಕ್ತದ ಕೋಶಗಳನ್ನು ಮೊದಲು, ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಆಕರಕೋಶಗಳ ಸ್ಥಿತಿಗೆ ಮರಳಿಸಿ, ಬಳಿಕ ತಿಂಗಳುಗಟ್ಟಲೆ ಪೋಷಿಸಿ ಅವರು ಅವುಗಳನ್ನು ವರ್ಣಕ ಕೋಶಗಳನ್ನಾಗಿ ಬೆಳೆಸಿದ್ದರು. ಅವು ಸಿದ್ಧವಾಗಿವೆ, ಬಂದು ನೋಡಬಹುದು ಎಂದು ಕರೆ ಬಂದಾಗ ನಾನು ಎರಡನೆಯ ಮಾತಿಲ್ಲದೆ ಹೊರಟೆ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ. ಮೊದಲು ಇರುಳಿನ ನೋಟ ಹೋಯಿತು, ಆಮೇಲೆ ಅಕ್ಕಪಕ್ಕದ ನೋಟ ಕಿರಿದಾಗುತ್ತ ಬಂತು. ಕಾರಣ, ಎಂಇಆರ್‌ಟಿಕೆ ಎಂಬ ವಂಶವಾಹಿಯಲ್ಲಿನ ದೋಷ. ಬೆಳಕನ್ನು ಗ್ರಹಿಸುವ ಕೋಶಗಳು ತಮ್ಮ ತುದಿಯ ಸವೆದ ಭಾಗವನ್ನು ದಿನವೂ ಉದುರಿಸುತ್ತವೆ; ಅದನ್ನು ನುಂಗಿ ಅರಗಿಸಿಕೊಳ್ಳಬೇಕಾದದ್ದು ವರ್ಣಕ ಕೋಶ. ಈ ವಂಶವಾಹಿ ಕೆಟ್ಟರೆ ನುಂಗುವ ಕೆಲಸ ನಿಂತು, ಕಸ ಶೇಖರವಾಗಿ, ಕ್ರಮೇಣ ಬೆಳಕಿನ ಕೋಶಗಳೇ ಸಾಯುತ್ತವೆ.

ಪ್ರಯೋಗಾಲಯದ ಸಂಶೋಧಕಿ ಸೂಕ್ಷ್ಮದರ್ಶಕದ ಚಿತ್ರವನ್ನು ದೊಡ್ಡ ಪರದೆಯ ನಡುವಿಗೆ, ನನ್ನ ನೋಟ ನಿಲುಕುವಷ್ಟೇ ಜಾಗಕ್ಕೆ, ತಂದು ನಿಲ್ಲಿಸಿದರು. ಜೇನುಗೂಡಿನಂತೆ ಒತ್ತಾಗಿ ಹೆಣೆದುಕೊಂಡ ಆರು ಮೂಲೆಯ ಕೋಶಗಳು, ಕೆಲವು ತಿಳಿಗಂದು, ಕೆಲವು ಕಡುಗಪ್ಪು. ಹೊರನೋಟಕ್ಕೆ ಅವುಗಳಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಬಳಿಕ ಅವರು, ಹಸಿರಾಗಿ ಹೊಳೆಯುವ ಗುರುತು ಹಚ್ಚಿದ ಬೆಳಕಿನ ಕೋಶದ ತುಣುಕುಗಳನ್ನು ಇದೇ ಕೋಶಗಳಿಗೆ ಉಣಿಸಿ ತೆಗೆದ ಚಿತ್ರವನ್ನು ತೋರಿಸಿದರು. "ಚುಕ್ಕೆಗಳೆಲ್ಲ ಮೇಲೆಯೇ ಕೂತಿವೆ ನೋಡಿ, ಒಂದೂ ಒಳಗಿಳಿದಿಲ್ಲ" ಎಂದರು. ಪಕ್ಕದ ಚಿತ್ರದಲ್ಲಿದ್ದದ್ದೂ ನನ್ನ ಕೋಶಗಳೇ, ಆದರೆ ವಂಶವಾಹಿಯ ದೋಷವನ್ನು ತಿದ್ದಿದವು. ಅಲ್ಲಿ ಹಸಿರು ಚುಕ್ಕೆಗಳು ಕೋಶದೊಳಗೆ ಇಳಿದಿದ್ದವು. ವರ್ಷಗಳಿಂದ ವರದಿಗಳಲ್ಲಿ ಅಕ್ಷರವಾಗಿ ಮಾತ್ರ ಓದಿದ್ದ ಕಾಯಿಲೆಯನ್ನು ಕಣ್ಣಾರೆ ಕಂಡದ್ದು ಆಗಲೇ, ಮತ್ತು ಆ ಎರಡು ಚಿತ್ರಗಳನ್ನು ಬಿಟ್ಟು ಏಳಲು ನನಗೆ ಮನಸ್ಸೇ ಬರಲಿಲ್ಲ.

ಈ ತಿದ್ದುಪಡಿ ನನ್ನ ಕಣ್ಣಿಗೆ ಯಾವಾಗ ಬಂದೀತು ಎಂದು ಕೇಳದಿರಲಾಗಲಿಲ್ಲ. ಅವರು ಹುಸಿ ಭರವಸೆ ಕೊಡಲಿಲ್ಲ. ತಟ್ಟೆಯಲ್ಲಿ ಕೋಶವನ್ನು ತಿದ್ದುವುದು ಬೇರೆ, ಕಣ್ಣಿನೊಳಗೆ ತಿದ್ದುವುದು ಬೇರೆ. ಸತ್ತುಹೋದ ಬೆಳಕಿನ ಕೋಶಗಳು ವಂಶವಾಹಿ ಚಿಕಿತ್ಸೆಯಿಂದ ಮರಳಿ ಹುಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದರು. 2017ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ವಂಶವಾಹಿ ಚಿಕಿತ್ಸೆಯಾದ ಲಕ್ಸ್‌ಟರ್ನಾ ಕೂಡ ಆರ್‌ಪಿಇ65 ಎಂಬ ಒಂದೇ ವಂಶವಾಹಿಯ ದೋಷಕ್ಕೆ, ಅದೂ ಜೀವಂತ ಕೋಶಗಳು ಸಾಕಷ್ಟು ಉಳಿದವರಿಗೆ ಮಾತ್ರ. ಸಂಶೋಧನೆಯನ್ನು ಚಿಕಿತ್ಸೆಯೆಂದು ನಂಬಿಸದ ಈ ನೇರ ಮಾತನ್ನು ನಾನು ಬಹಳ ಗೌರವಿಸುತ್ತೇನೆ. ರೋಗಿಗೆ ಸಲ್ಲಬೇಕಾದ ಮೊದಲ ಉಪಚಾರವೇ ಅದು.

ಹೊರಡುವ ಮುನ್ನ ಇನ್ನೊಂದು ಒಪ್ಪಿಗೆ ಪತ್ರವನ್ನು ಅವರು ಓದಿ ಹೇಳಿದರು. ನನ್ನ ಕೋಶಗಳನ್ನು ಹೆಸರಿಲ್ಲದೆ, ಸಂಕೇತ ಸಂಖ್ಯೆಯಡಿ ಕಾಪಿಟ್ಟು, ಹೊಸ ಔಷಧಗಳ ಪರೀಕ್ಷೆಗಾಗಿ ಬೇರೆ ವಿಶ್ವವಿದ್ಯಾಲಯಗಳಿಗೂ ಕೊಡಬಹುದೇ ಎಂದು ಅದರಲ್ಲಿತ್ತು. ಫಲಿತಾಂಶ ಏನೇ ಬಂದರೂ ನನಗೂ ತಿಳಿಸಬೇಕೆಂದು ಕೇಳಿಕೊಂಡು ಸಹಿ ಹಾಕಿದೆ.