ಕೆಳದಿಯ ಗಂಡಭೇರುಂಡ ಇಕ್ಕೇರಿಗೆ ಹಾರಿದ್ದು

ಮಾವ ಕೆಳದಿ, ಇಕ್ಕೇರಿ ದೇವಸ್ಥಾನಗಳ ಬಗ್ಗೆ ಪುಟ್ಟ ಪುಸ್ತಕ ಬರೆದಿದ್ದರು. ಪುಟ ಕಟ್ಟುವ ಕೆಲಸ ನನ್ನ ತಲೆಗೆ ಬಂತು. ತೀರ್ಥಹಳ್ಳಿಯ ಮನೆಯಲ್ಲಿ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಆದೇಶ ಬರೆದುಕೊಟ್ಟರೆ ಪುಟ ಕಟ್ಟಿಕೊಡುವ ಲೇಟೆಕ್ ಎಂಬ ತಂತ್ರಾಂಶ ಹಾಕಿಕೊಂಡು ಕೂತೆ. ಅಲ್ಲಿ ಎಲ್ಲ ಚೆಂದವಾಗಿಯೇ ಬರುತ್ತಿತ್ತು.

ಜುಲೈ ಮಳೆ. ಪೆನ್‌ಡ್ರೈವ್‌ಗೆ ಪ್ಲಾಸ್ಟಿಕ್ ಸುತ್ತಿ, ಮಾವನ ಜೊತೆ ಶಿವಮೊಗ್ಗದ ಬಸ್ಸು ಹತ್ತಿದೆ. ಗೆಳೆಯನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಲೇಟೆಕ್ ಓಡಿಸಿದ ಕೂಡಲೇ ‘ಫೈಲ್ ಸಿಗಲಿಲ್ಲ’ ಅಂತ ಅಡ್ಡ ಮಲಗಿತು. ತಪ್ಪು ನನ್ನದೇ. ಪ್ರತಿ ಚಿತ್ರಕ್ಕೂ ಸಿ ಡ್ರೈವ್‌ನಿಂದ ಹಿಡಿದು ಉದ್ದದ ವಿಳಾಸ ಬರೆದಿದ್ದೆ. ಆ ಡ್ರೈವೇ ಇಲ್ಲಿಲ್ಲ!

ವಿಳಾಸಗಳನ್ನೆಲ್ಲ ಅಳಿಸಿ ಬರೀ ಫೈಲ್ ಹೆಸರು ಉಳಿಸಿದೆ. ಮೇಲ್ಗಡೆ, ಚಿತ್ರಗಳನ್ನು ಎಲ್ಲಿ ಹುಡುಕಬೇಕು ಅಂತ ಹೇಳುವ ಗ್ರಾಫಿಕ್ಸ್‌ಪಾತ್ ಸಾಲಿನಲ್ಲಿ ಕೆಳದಿ, ಇಕ್ಕೇರಿ ಎರಡೂ ಫೋಲ್ಡರ್ ಹಾಕಿದೆ, ಒಂದೊಂದಕ್ಕೂ ಬೇರೆ ಪುಷ್ಪಾವರಣ. ಈ ದಾರಿ ಲೆಕ್ಕವಾಗುವುದು ಮುಖ್ಯ ಫೈಲ್ ಇರುವ ಜಾಗದಿಂದ, ಅಧ್ಯಾಯಗಳು ಬೇರೆ ಫೋಲ್ಡರಿನಲ್ಲಿದ್ದರೂ ಅಷ್ಟೇ. ನಮ್ಮ ಕಡೆ ಯಾರ ಮನೆ ಕೇಳಿದರೂ ಬಸ್‌ಸ್ಟಾಪಿನಿಂದಲೇ ದಾರಿ ಹೇಳುತ್ತಾರಲ್ವಾ, ಹಾಗೆ.

ಆದರೂ ಚಿತ್ರ ಬರಲಿಲ್ಲ. ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಷ್ ಹಾಕಿರಲಿಲ್ಲ. ಪಾಪ, ಅದು ಫೋಲ್ಡರ್ ಹೆಸರು, ಫೈಲ್ ಹೆಸರು ಎರಡನ್ನೂ ಅಂಟಿಸಿಕೊಂಡು ‘ಕೆಳದಿ1’ ಅಂತ ಹುಡುಕುತ್ತಿತ್ತು. ಸ್ಲ್ಯಾಷ್ ಹಾಕಿದೆ. ಇನ್ನೂ ಕೆಲವು ಬಾಕಿ. ಫೈಲ್ ಹೆಸರಿನ ಕೊನೆಯ ಜೆಪಿಜಿಯನ್ನು ಕ್ಯಾಮೆರಾ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೊಟ್ಟಿತ್ತು, ನಾನು ಬರೆದದ್ದು ಚಿಕ್ಕಕ್ಷರ. ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್ ಒಪ್ಪುವುದಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡು ಸಲ ಚಹಾ ಆಯಿತು.

ಸಂಜೆ ಒಂದೂ ದೂರಿಲ್ಲದೆ ಪಿಡಿಎಫ್ ಬಂತು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಮಾವ ಕನ್ನಡಕ ಏರಿಸಿ ನೋಡಿದರು. ‘ಇಕ್ಕೇರಿಯ ನಂದಿಮಂಟಪ’ ಅಂತ ಕೆಳಗೆ ಬರೆದಿದೆ, ಮೇಲೆ ಕೆಳದಿ ರಾಮೇಶ್ವರ ಗುಡಿಯ ಚಾವಣಿಯ ಗಂಡಭೇರುಂಡ!

ಎರಡೂ ಫೋಲ್ಡರಿನಲ್ಲಿ ಚಿತ್ರಗಳ ಹೆಸರು 1, 2, 3. ಲೇಟೆಕ್ ಪಟ್ಟಿಯ ಕ್ರಮದಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನೇ ತರುತ್ತದೆ. ಉದ್ದದ ವಿಳಾಸ ಇದ್ದಾಗ ಈ ಗೊಂದಲ ಇರಲಿಲ್ಲ, ನಾನೇ ಚಿಕ್ಕದು ಮಾಡಿ ತಂದುಕೊಂಡೆ. ಅದು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಸುಮ್ನೆ ಇದ್ದುಬಿಟ್ಟಿತು.

‘ಮಂಟಪ ಎಲ್ಲಿ ಮಾರಾಯ?’ ಅಂದರು ಮಾವ. ಒಂದೊಂದೇ ಫೈಲಿಗೆ ಊರಿನ ಹೆಸರು ಸೇರಿಸುತ್ತ ಕೂತೆ. ಕೊನೆಯ ಬಸ್ಸು ನಮ್ಮನ್ನು ಬಿಟ್ಟೇ ಹೋಯಿತು.