ಒಣ ದಾರ

2 ಮಾರ್ಚ್ 2024, ಶನಿವಾರ

ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿದ್ದು ಇಂದು ಬಲೂನಿಗೆ ಕಟ್ಟಬೇಕಿದ್ದ ದಾರವನ್ನು. ಒಣಗಿಯೇ ಇತ್ತು. ಜೀವ ಬಂದಂತಾಯಿತು.

ಹೋದ ಸಲ ನಾವು ವಾತಾವರಣದ ವಿದ್ಯುತ್ ಕ್ಷೇತ್ರವನ್ನು ಅಳೆಯಲೇ ಇಲ್ಲ, ನಮ್ಮ ಬಲೂನನ್ನೇ ಅಳೆದೆವು. ರಬ್ಬರಿನ ಬಲೂನಿಗೆ ಬಟ್ಟೆ ಉಜ್ಜಿದರೂ ಸಾಕು, ಮೈಯೆಲ್ಲ ವಿದ್ಯುದಾವೇಶ. ಅದರಿಂದ ದೂರವಿರಲೆಂದೇ ಉಪಕರಣವನ್ನು ಉದ್ದನೆಯ ನೈಲಾನ್ ದಾರದಲ್ಲಿ ಇಳಿಬಿಡುವುದು. ಆ ದಾರಕ್ಕೆ ಇಬ್ಬನಿ ಹಿಡಿದರೆ ಅದು ತಂತಿಯಂತಾಗಿ ಸುತ್ತಲಿನ ಕ್ಷೇತ್ರವನ್ನೇ ತಿರುಚಿಬಿಡುತ್ತದೆ. ಅಂದು ದಾರವನ್ನು ಹುಲ್ಲಿನ ಮೇಲೆ ಹಾಸಿದವರು ಯಾರೂ ಅಲ್ಲ, ನಾನೇ.

1930ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಸಿಂಪ್ಸನ್ ಮತ್ತು ಸ್ಕ್ರೇಸ್ ತಮ್ಮ ಬಲೂನಿನಿಂದ ಬೇಕೆಂದೇ ತಂತಿ ಇಳಿಬಿಟ್ಟಿದ್ದರು. ಗುಡುಗು ಮೋಡದೊಳಗೆ ತಂತಿಯ ಮೊನೆಯಿಂದ ಸೋರಿದ ವಿದ್ಯುತ್ತು ರಾಸಾಯನಿಕ ಸವರಿದ ಕಾಗದದ ಮೇಲೆ ನೀಲಿ ಕಲೆ ಮೂಡಿಸುತ್ತಿತ್ತು. ಕಲೆ ಯಾವ ತುದಿಯಲ್ಲಿದೆ ಎಂಬುದರಿಂದ ಕ್ಷೇತ್ರದ ದಿಕ್ಕು ತಿಳಿಯುತ್ತಿತ್ತು. ಮೋಡದ ಮೇಲ್ಭಾಗದಲ್ಲಿ ಧನ ಆವೇಶ, ಅದರ ಕೆಳಗೆ ಋಣ, ಬುಡದಲ್ಲಿ ಹಲವು ಬಾರಿ ಮತ್ತೊಂದು ಚಿಕ್ಕ ಧನ: 1937ರಲ್ಲಿ ಅವರು ಪ್ರಕಟಿಸಿದ ಈ ಚಿತ್ರ ಹೊರಟದ್ದು ಒಂದು ನೀಲಿ ಕಲೆಯಿಂದ! ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ.

ಇಂದು ಮೋಡವಿರಲಿಲ್ಲ. 9:40ಕ್ಕೆ ಬಿಟ್ಟೆವು. ನೆಲದ ಬಳಿ ಮೀಟರಿಗೆ ಸುಮಾರು 120 ವೋಲ್ಟ್, ತಿಳಿಯಾದ ದಿನಕ್ಕೆ ತಕ್ಕದ್ದೇ. ಮೇಲೇರಿದಂತೆ ಕ್ಷೇತ್ರದ ರೇಖೆ ಇಳಿಯತೊಡಗಿತು. ಇಳಿಯಲೇಬೇಕು. 1912ರಲ್ಲಿ ಭೌತವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ ಕುಳಿತು ಕಂಡುಕೊಂಡಂತೆ, ಎತ್ತರದಲ್ಲಿ ಬಾಹ್ಯಾಕಾಶದಿಂದ ಬರುವ ಕಿರಣಗಳು ಗಾಳಿಯನ್ನು ಹೆಚ್ಚು ಅಯಾನೀಕರಿಸುತ್ತವೆ, ಅಂದರೆ ಅದರಲ್ಲಿ ಆವೇಶ ಹೊತ್ತ ಕಣಗಳನ್ನು, ಅಯಾನುಗಳನ್ನು, ಹುಟ್ಟಿಸುತ್ತವೆ. ಅಲ್ಲಿ ಗಾಳಿ ತೆಳು, ಅಯಾನುಗಳ ಓಟವೂ ಸಲೀಸು. ಕೆಳಗೆ ಹರಿಯುವ ಪ್ರವಾಹ ಮಾತ್ರ ಎತ್ತರದೊಂದಿಗೆ ಹೆಚ್ಚುಕಡಿಮೆ ಬದಲಾಗುವುದಿಲ್ಲ: ಚದರ ಮೀಟರಿಗೆ ಸುಮಾರು 2 ಪಿಕೋಆಂಪಿಯರ್ (ಆಂಪಿಯರಿನ ಲಕ್ಷ ಕೋಟಿಯಲ್ಲಿ 10 ಪಾಲಲ್ಲ, ಬರೀ 2 ಪಾಲು). ವಾಹಕತೆ, ಅಂದರೆ ವಿದ್ಯುತ್ತನ್ನು ಹರಿಯಬಿಡುವ ಗುಣ, ಹೆಚ್ಚಿದಲ್ಲಿ ಅಷ್ಟನ್ನೇ ಹರಿಸಲು ಚಿಕ್ಕ ಕ್ಷೇತ್ರ ಸಾಕು. 10 ಕಿಲೋಮೀಟರ್ ಎತ್ತರದಲ್ಲಿ ಉಳಿದದ್ದು ಮೀಟರಿಗೆ ಕೆಲವೇ ವೋಲ್ಟ್.

ಆದರೆ ನನ್ನ ಕಣ್ಣು ನೆಟ್ಟಿದ್ದು ರೇಖೆಯಲ್ಲಿ 1.8 ಕಿಲೋಮೀಟರ್ ಬಳಿಯ ಒಂದು ಮೆಟ್ಟಿಲಿನ ಮೇಲೆ. ಅಲ್ಲಿ ಕ್ಷೇತ್ರ ಥಟ್ಟನೆ ಕುಸಿದಿತ್ತು. ಧೂಳಿನ ಕಣಗಳು ಅಯಾನುಗಳನ್ನು ಹಿಡಿದಿಟ್ಟುಕೊಂಡು ಗಾಳಿಯ ವಾಹಕತೆಯನ್ನು ತಗ್ಗಿಸುತ್ತವೆ. ಆ ಮಬ್ಬಿನ ಪದರ ದಾಟಿದ ಕ್ಷಣವೇ ಇದಿರಬೇಕು ಎಂದುಕೊಂಡೆ. ಆದರೂ ದಾರದ ಅನುಮಾನ ಬಿಡಲಿಲ್ಲ. ಸಂಜೆ ತೇವಾಂಶದ ದಾಖಲೆ ತೆರೆದು ಪಕ್ಕದಲ್ಲಿಟ್ಟೆ. ಅದೂ ಅದೇ ಎತ್ತರದಲ್ಲಿ ಥಟ್ಟನೆ ಇಳಿದಿತ್ತು.