ಕನ್ನಡ ಫಾಂಟ್ ಬಗ್ಗೆ ಬಗ್ ಇದ್ರೆ ಡೆಬಿಯನ್‌ಗೇ ಹಾಕಿ

ಉಬುಂಟು, ಮಿಂಟ್ ಥರದ ಲಿನಕ್ಸ್ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬೇರೆ ರೂಪಗಳಲ್ಲಿ) ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟ್ ಹಾಕ್ಕೊಂಡೋರು ಇದು ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಂಡಿರಲ್ಲ, ಆದ್ರೆ ಅದು ಬರೋ ದಾರಿ ತಿಳ್ಕೊಂಡಿದ್ರೆ ಒಳ್ಳೇದು. ಇವಕ್ಕೆ ಬುನಾದಿಯಾಗಿರೋ ಡೆಬಿಯನ್ ಅನ್ನೋ ಡಿಸ್ಟ್ರೋದ ವಾಲಂಟಿಯರ್‌ಗಳು ಅದನ್ನ ಪ್ಯಾಕೇಜ್ ಮಾಡಿ, ಅಂದ್ರೆ ಇನ್‌ಸ್ಟಾಲ್ ಮಾಡೋ ಹಾಗೆ ಕಟ್ಟಿ, ಹೊಸದೆಲ್ಲ ಮೊದ್ಲು ಬರೋ ‘ಅನ್‌ಸ್ಟೇಬಲ್’ ಅನ್ನೋ ಆವೃತ್ತಿಗೆ ಸೇರಿಸ್ತಾರೆ, ಉಬುಂಟು ಅಲ್ಲಿಂದ ತಗೊಳ್ಳತ್ತೆ, ಮಿಂಟ್ ಉಬುಂಟುವಿನ ರೆಪೊಸಿಟರಿಯನ್ನೇ (ಪ್ಯಾಕೇಜ್‌ಗಳ ಉಗ್ರಾಣವನ್ನೇ) ಬಳಸತ್ತೆ, ಆ ಕಡೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನ ಓಎಸ್‌ಗೆ ಡೆಬಿಯನ್‌ನ ಬಿಡುಗಡೆಯಾದ ಆವೃತ್ತಿ ‘ಸ್ಟೇಬಲ್’‌ನಿಂದ ಹೋಗತ್ತೆ. ಒಬ್ರು ಮಾಡಿದ ಕೆಲಸ ಇಷ್ಟು ಕಡೆ ತಲುಪತ್ತೆ, ಕನ್ನಡದಂಥ ಭಾಷೆಗೆ ಇದು ತುಂಬಾ ದೊಡ್ಡದು ಯಾಕಂದ್ರೆ ಒಂದೊಂದು ಡಿಸ್ಟ್ರೋಗೂ ಬೇರೆ ಬೇರೆ ಪ್ಯಾಕೇಜ್ ಮಾಡೋಕೆ ನಮ್ಮಲ್ಲಿ ಅಷ್ಟು ಜನ ಎಲ್ಲಿದಾರೆ.

ಉಬುಂಟುನಲ್ಲಿ ಯಾವ್ದಾದ್ರೂ ಪ್ಯಾಕೇಜಿನ ವರ್ಷನ್ ನೋಡಿ. ಹೈಫನ್ ಆದ್ಮೇಲೆ ಬರೀ ನಂಬರ್ ಇದ್ರೆ ಅದು ಡೆಬಿಯನ್‌ದು ಹಾಗ್ಹಾಗೇ ಬಂದಿರೋದು. ಆ ನಂಬರ್ ಆದ್ಮೇಲೆ ‘ಉಬುಂಟು1’ ಅಂತ ಬಾಲ ಅಂಟ್ಕೊಂಡಿದ್ರೆ ಉಬುಂಟುನೋರು ಅದ್ರಲ್ಲಿ ಏನೋ ತಮ್ಮದು ಸೇರಿಸಿದಾರೆ ಅಂತ, ಇನ್ಮೇಲೆ ಡೆಬಿಯನ್‌ನಲ್ಲಿ ಹೊಸದು ಬಂದಾಗೆಲ್ಲ ಯಾರಾದ್ರೂ ಕೂತು ಎರಡನ್ನೂ ಹೋಲಿಸಿ ಮರ್ಜ್ ಮಾಡ್ಬೇಕು. ಆ ಬಾಲ ಎಷ್ಟು ಕಡಿಮೆ ಇದ್ರೆ ಅಷ್ಟು ಒಳ್ಳೇದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪ್ಯಾಚ್ (ಕೋಡ್‌ಗೆ ಮಾಡಿದ ತಿದ್ದುಪಡಿ) ಸಾಫ್ಟ್‌ವೇರ್ ಬರೆದ ಮೂಲದೋರ ಹತ್ರ ಹೋಗ್ದೆ ಮಧ್ಯದಲ್ಲೇ ಉಳಿದ್ರೆ ಏನಾಗತ್ತೆ ಅನ್ನೋದಕ್ಕೆ, ಎನ್‌ಕ್ರಿಪ್ಷನ್‌ಗೆ ಬಳಸೋ ಓಪನ್‌ಎಸ್‌ಎಸ್‌ಎಲ್ ಅನ್ನೋ ಸಾಫ್ಟ್‌ವೇರಿನ ಕಥೆನೇ ಸಾಕು. 2006ರಲ್ಲಿ ಡೆಬಿಯನ್‌ನ ಪ್ಯಾಕೇಜಲ್ಲಿ ವಾಲ್‌ಗ್ರೈಂಡ್ ಅನ್ನೋ ತಪ್ಪು ಹುಡುಕೋ ಟೂಲ್ ಕೊಡ್ತಿದ್ದ ವಾರ್ನಿಂಗ್ ಹೋಗ್ಲಿ ಅಂತ ಕೋಡ್‌ನ ಸಾಲು ತೆಗೆದ್ರು, ಅದ್ರಿಂದ ರ‍್ಯಾಂಡಮ್ ನಂಬರ್ ಹುಟ್ಟೋ ಜಾಗದಲ್ಲಿ ಪ್ರೋಸೆಸ್ ಐಡಿ ಬಿಟ್ರೆ ಬೇರೇನೂ ಬದಲಾಗದ ಹಾಗಾಯ್ತು, ಅಂದ್ರೆ ಒಂದು ಥರದ ಮೆಷಿನ್‌ನಲ್ಲಿ ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಕೀಯನ್ನ ಒಂದು ಸೈಜಿನಲ್ಲಿ ಮಾಡಿದ್ರೆ ಸುಮಾರು 32,768 ಸಾಧ್ಯತೆ ಅಷ್ಟೆ, ಯಾರು ಬೇಕಾದ್ರೂ ಎಲ್ಲಾನೂ ಟ್ರೈ ಮಾಡ್ಬೋದು! ಉಬುಂಟು ಅದನ್ನೇ ತಗೊಂಡಿತ್ತು, ಹಾಗಾಗಿ ಅಲ್ಲೂ ಅದೇ ಗತಿ. ಗೊತ್ತಾಗಿದ್ದು 2008ರ ಮೇ ತಿಂಗಳಲ್ಲಿ. ಓಪನ್‌ಎಸ್‌ಎಸ್‌ಎಲ್‌ನ ಸ್ವಂತ ಕೋಡ್‌ನಲ್ಲಿ ಈ ಬದಲಾವಣೆ ಇರಲೇ ಇಲ್ಲ. ಆದ್ರೆ ಇನ್ನೊಂದು ಮುಖನೂ ಇದೆ, ಸರಿ ಮಾಡಿದ ಪ್ಯಾಕೇಜನ್ನ ಮೇ 13ರಂದು ಡೆಬಿಯನ್, ಉಬುಂಟು ಎರಡೂ ಕಡೆ ಒಟ್ಟಿಗೇ ಬಿಟ್ರು. ರೆಪೊಸಿಟರಿ ಹಂಚ್ಕೊಂಡ್ರೆ ಅದ್ರ ತಪ್ಪೂ ಹಂಚ್ಕೋಬೇಕು, ಅದಕ್ಕೇ ಅದನ್ನ ನೋಡ್ಕೊಳ್ಳೋ ಕಣ್ಣುಗಳೂ ಹೆಚ್ಚಾಗ್ಬೇಕು.

ಅದಕ್ಕೇ ನಾನು ಕೇಳ್ಕೊಳ್ಳೋದು, ಒತ್ತಕ್ಷರ ಜಾಗ ತಪ್ಪಿದೆ, ಅರ್ಕಾವತ್ತು ಸರಿ ಬರ್ತಿಲ್ಲ ಅಂದ್ರೆ ಮೊದ್ಲು ಒಂದು ವರ್ಚುವಲ್ ಮೆಷಿನ್‌ನಲ್ಲಿ (ನಿಮ್ಮ ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್) ಡೆಬಿಯನ್ ಅನ್‌ಸ್ಟೇಬಲ್ ಹಾಕಿ ಅಲ್ಲೂ ಹಾಗೇ ಬರತ್ತಾ ನೋಡಿ. ಬಂದ್ರೆ ಡೆಬಿಯನ್‌ಗೇ ಬಗ್ ರಿಪೋರ್ಟ್ ಹಾಕಿ, ಅಲ್ಲಿ ಅಕೌಂಟ್ ಕೂಡ ಬೇಕಿಲ್ಲ, ಈಮೇಲ್ ಸಾಕು, ರಿಪೋರ್ಟ್‌ಬಗ್ ಅನ್ನೋ ಟೂಲ್ ಪ್ಯಾಕೇಜ್ ವರ್ಷನ್ ಎಲ್ಲಾ ತಾನೇ ತುಂಬ್ಕೊಳ್ಳತ್ತೆ. ಸ್ಕ್ರೀನ್‌ಶಾಟ್ ಜೊತೆಗೆ ಪದವನ್ನ ಟೈಪ್ ಮಾಡಿನೂ ಕೊಡಿ, ಕನ್ನಡ ಓದಕ್ಕೆ ಬರದೇ ಇರೋರು ಅದನ್ನ ನೋಡೋ ಚಾನ್ಸೇ ಜಾಸ್ತಿ. ಉಬುಂಟು ಏಪ್ರಿಲ್, ಅಕ್ಟೋಬರ್‌ನಲ್ಲಿ ಬರತ್ತೆ, ಅದಕ್ಕೂ ಮುಂಚೆ ಡೆಬಿಯನ್‌ನಿಂದ ತಾನಾಗೇ ತಗೊಳ್ಳೋದನ್ನ ಒಂದು ಗೊತ್ತಾದ ದಿನದಿಂದ ನಿಲ್ಲಿಸ್ತಾರೆ, ಫಿಕ್ಸ್ ಅಷ್ಟರೊಳಗೆ ಅನ್‌ಸ್ಟೇಬಲ್‌ಗೆ ಸೇರಿ, ಉಬುಂಟುನಲ್ಲಿ ಆ ಪ್ಯಾಕೇಜಿಗೆ ಬಾಲ ಇಲ್ದೇ ಇದ್ರೆ ಯಾರನ್ನೂ ಕೇಳ್ದೆ ಆ ರಿಲೀಸ್‌ಗೇ ಬಂದ್ಬಿಡತ್ತೆ.